ನಾಲೆ ತುಂಬಿ ಹರಿಯುತ್ತಿದೆ, ನಮ್ಮ ಗದ್ದೆಗೆ ಯಾಕೆ ಬರುತ್ತಿಲ್ಲ?

ಪ್ರಶ್ನೆ: ಮೇಷ್ಟ್ರೇ, ಟಿವಿ ಹಾಕಿದರೆ ಸಾಕು, ನಮ್ಮ ದೇಶ ಪ್ರಪಂಚದ ಮೊದಲ ಐದು ದೊಡ್ಡ ಆರ್ಥಿಕತೆಯೊಳಗೆ ಬಂತು ಅಂತಾರೆ. ನಮ್ಮದು ಮದ್ದೂರು ತಾಲ್ಲೂಕು. ಅಪ್ಪನ 5 ಎಕರೆ ನಾಲ್ಕು ಜನ ಅಣ್ಣತಮ್ಮಂದಿರಿಗೆ ಪಾಲಾಗಿ ನನಗೆ ಬಂದದ್ದು 1 ಎಕರೆ 10 ಗುಂಟೆ. ಕಬ್ಬು ಹಾಕ್ತೀವಿ. ಮನೇಲಿ ಐದು ಜನ. ಮಗ ಬಿ.ಕಾಂ. ಓದಿ ಬೆಂಗಳೂರಲ್ಲಿ ಬೈಕಲ್ಲಿ ಊಟ ತಲುಪಿಸೋ ಕೆಲಸ ಮಾಡ್ತಾನೆ. ಸೊಸೆ ಗಾರ್ಮೆಂಟ್ಸ್‌ಗೆ ಹೋಗ್ತಾಳೆ, ಬೆಳಗ್ಗೆ ಆರೂವರೆಗೇ ವ್ಯಾನು ಬರುತ್ತೆ. ಮೊಮ್ಮಗಳು ಒಂದನೇ ಕ್ಲಾಸು. ಹೈವೇ ಪಕ್ಕ ಜಮೀನಿದ್ದೋರು ನೋಡನೋಡ್ತಾ ಕೋಟಿ ಕಂಡರು. ದೇಶ ಬೆಳೀತಿದೆ ಅನ್ನೋದು ಸುಳ್ಳಾ, ಇಲ್ಲ ನಮ್ಮ ಕೈಲೇ ಆಗ್ತಿಲ್ವಾ? ಊರಲ್ಲಿ ಕೆಲವರು ಜನ ಜಾಸ್ತಿ ಆದ್ದಕ್ಕೇ ಹೀಗೆ ಅಂತಾರೆ. ಇನ್ನು ಕೆಲವರು ಮೊದಲು ದೇಶ ಬೆಳೀಲಿ, ಆಮೇಲೆ ಎಲ್ಲರಿಗೂ ಬರುತ್ತೆ ಅಂತಾರೆ. ಈಗ ಮೈಸೂರಿನವರೊಬ್ಬರು ನಮ್ಮ ಜಮೀನು ಕೇಳ್ತಿದ್ದಾರೆ. ಕೊಟ್ಟು ಮಗನಿಗೊಂದು ಅಂಗಡಿ ಹಾಕಿಸಿಕೊಡಲಾ?

ಉತ್ತರ: ದೇಶ ಬೆಳೆಯುತ್ತಿರುವುದು ಸುಳ್ಳಲ್ಲ. ನಿಮ್ಮ ಕೈಲಾಗದ ಮಾತೂ ಅಲ್ಲ. ಈ ಎರಡರಲ್ಲಿ ಒಂದು ನಿಜವಿರಲೇಬೇಕು ಎಂದುಕೊಂಡು ಅಪ್ಪ ಮಗ ಮಾತು ಬಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಅಪ್ಪ ಸರ್ಕಾರವನ್ನು ಬೈಯುತ್ತಾನೆ, ಮಗ ಒಳಗೊಳಗೇ ತನ್ನನ್ನು ಬೈದುಕೊಳ್ಳುತ್ತಾನೆ. ಮಂಡ್ಯದಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವನು ನಾನು. ನಿಮ್ಮ ಮಗನಂಥ ನೂರಾರು ಹುಡುಗರು ನನ್ನ ಮುಂದಿನ ಬೆಂಚುಗಳಲ್ಲಿ ಕೂತು ಎದ್ದುಹೋಗಿದ್ದಾರೆ. ಅದಕ್ಕೇ ನಿಮಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಬೆಳವಣಿಗೆಯ ಮಾತು. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಿದ್ದವು. 2023ರಲ್ಲಿ ಅದು 25. ನಿಮ್ಮ ತಾಯಿಯ ಕಾಲದಲ್ಲಿ ಮಕ್ಕಳನ್ನು ಕಳೆದುಕೊಳ್ಳದ ಮನೆ ಅಪರೂಪವಿತ್ತು, ನಿಮ್ಮ ಸೊಸೆಯ ಕಾಲಕ್ಕೆ ಕಳೆದುಕೊಂಡ ಮನೆ ಅಪರೂಪ. ವಿಶ್ವಬ್ಯಾಂಕ್ ಹಿಂದೆ ದಿನಕ್ಕೆ 2.15 ಡಾಲರ್ ಎಂದು ಎಳೆದಿದ್ದ ಕಡುಬಡತನದ ಗೆರೆಯ ಕೆಳಗೆ 2011-12ರಲ್ಲಿ ನಮ್ಮ ಜನರಲ್ಲಿ ಶೇ. 16.2 ಮಂದಿ ಇದ್ದರು. 2022-23ರ ಹೊತ್ತಿಗೆ ಶೇ. 2.3. ಆ ಗೆರೆ ಬಹಳ ತಗ್ಗಿನದು, ಹಸಿವನ್ನು ದಾಟಿದರೆ ಅದನ್ನೂ ದಾಟಿದ ಹಾಗೆ. ಆದರೂ ಹಸಿವು ದಾಟಿದ್ದು ಸಣ್ಣ ಸಂಗತಿಯಲ್ಲ. ಹುರುಳಿಕಾಳು ಬೇಯಿಸಿಕೊಂಡು ಬರಗಾಲ ಕಳೆದವರ ಮಕ್ಕಳು ನಾವು.

ಇನ್ನು "ಮೊದಲ ಐದು ದೊಡ್ಡ ಆರ್ಥಿಕತೆ" ಎಂಬ ಮಾತು. ಅದು ಇಡೀ ದೇಶದ ಒಟ್ಟು ಗಳಿಕೆ. 140 ಕೋಟಿಗೂ ಹೆಚ್ಚು ಜನ ದುಡಿದು ಒಂದೇ ಕಡೆ ರಾಶಿ ಹಾಕಿದರೆ ರಾಶಿ ದೊಡ್ಡದಾಗಿಯೇ ಕಾಣುತ್ತದೆ. ಅದನ್ನೇ ತಲೆಗಿಷ್ಟು ಎಂದು ಹಂಚಿದರೆ 2023-24ರಲ್ಲಿ ವರ್ಷಕ್ಕೆ ಒಬ್ಬರಿಗೆ 1.85 ಲಕ್ಷ ರೂಪಾಯಿ ಆಸುಪಾಸು. ಆ ಲೆಕ್ಕ ಹಿಡಿದು ನೋಡಿದರೆ ಜಗತ್ತಿನ ದೇಶಗಳ ಸಾಲಿನಲ್ಲಿ ನಮ್ಮ ಜಾಗ ನೂರು ದಾಟಿ ಎಲ್ಲೋ ಕೆಳಗಿದೆ. ಆ 1.85 ಲಕ್ಷವೇ ನಿಮಗೆ ದಕ್ಕಿದ್ದರೂ ಐದು ಜನರ ಮನೆಗೆ ವರ್ಷಕ್ಕೆ 9 ಲಕ್ಷ ಮೀರಬೇಕಿತ್ತು. ಕರ್ನಾಟಕದ ತಲಾ ಆದಾಯ 3 ಲಕ್ಷಕ್ಕೂ ಹೆಚ್ಚು, ಆ ಲೆಕ್ಕದಲ್ಲಿ ನಿಮ್ಮ ಮನೆಗೆ 15 ಲಕ್ಷ. ಬರಲಿಲ್ಲ ಎನ್ನುವುದು ನಿಮಗೆ ಗೊತ್ತು. ಯಾಕೆ ಎನ್ನುವುದಕ್ಕೆ ಒಂದು ಬೀದಿಯ ಲೆಕ್ಕ ಹೇಳುತ್ತೇನೆ, ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದದ್ದೇ.

ಒಂದು ಬೀದಿಯಲ್ಲಿ ಹತ್ತು ಮನೆ. ಒಂಬತ್ತು ಮನೆಗೆ ತಿಂಗಳಿಗೆ 15,000 ರೂಪಾಯಿ, ಹತ್ತನೆಯದಕ್ಕೆ 1,65,000. ಬೀದಿಯ ಒಟ್ಟು ಗಳಿಕೆ 3 ಲಕ್ಷ. ಮುಂದಿನ ವರ್ಷ ಬೆಲೆ ಏರಿಕೆ ಕಳೆದು ಆ ಒಂಬತ್ತು ಮನೆಗೆ ಹೆಚ್ಚಿದ್ದು ಶೇ. 1, ಅಂದರೆ 150 ರೂಪಾಯಿ. ಹತ್ತನೆಯ ಮನೆಗೆ ಶೇ. 12, ಅಂದರೆ 19,800. ಈಗ ಬೀದಿಯ ಒಟ್ಟು ಗಳಿಕೆ 3,21,150. ಬೀದಿ ಶೇ. 7ರಷ್ಟು ಬೆಳೆಯಿತು! ಈ ಲೆಕ್ಕದಲ್ಲಿ ಒಂದು ಪೈಸೆ ಸುಳ್ಳಿಲ್ಲ. ಆದರೆ ಆ ಬೀದಿಯಲ್ಲಿ ಯಾವ ಬಾಗಿಲು ತಟ್ಟಿ ಕೇಳಿದರೂ ಹತ್ತಕ್ಕೆ ಒಂಬತ್ತು ಸಲ "ನಮಗೇನೂ ಗೊತ್ತಾಗಲಿಲ್ಲ" ಎಂಬ ಉತ್ತರವೇ ಬರುತ್ತದೆ.

ನಮ್ಮ ದೇಶದ ಹತ್ತನೆಯ ಮನೆ ಎಷ್ಟು ದೊಡ್ಡದು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ. ಅದನ್ನು ನಿಮಗೆ ಮುಚ್ಚಿಡಬಾರದು. ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಥಾಮಸ್ ಪಿಕೆಟ್ಟಿ ಮತ್ತು ಸಂಗಡಿಗರು 2024ರಲ್ಲಿ ಕೊಟ್ಟ ಅಂದಾಜಿನಂತೆ 2022-23ರಲ್ಲಿ ದೇಶದ ಆದಾಯದಲ್ಲಿ ಶೇ. 22.6 ಹೋದದ್ದು ಮೇಲಿನ ಶೇ. 1 ಜನಕ್ಕೆ, ಆಸ್ತಿಯಲ್ಲಾದರೆ ಶೇ. 40.1. ಇನ್ನೊಂದು ಕಡೆ, ಜನ ಮಾಡುವ ಖರ್ಚಿನ ಸಮೀಕ್ಷೆ ಹಿಡಿದು ಅಳೆದರೆ ಅಸಮಾನತೆ ಇಳಿದಿದೆ ಎಂದು ಕಾಣುತ್ತದೆ. ಗಿನಿ ಎಂಬ ಅಳತೆಗೋಲು 2011-12ರಲ್ಲಿ 28.8 ಇದ್ದದ್ದು 2022-23ಕ್ಕೆ 25.5ಕ್ಕೆ ಬಂತು. ಇದನ್ನು ಹಿಡಿದೇ ನಾವು ಜಗತ್ತಿನ ಅತ್ಯಂತ ಸಮಾನ ದೇಶಗಳಲ್ಲಿ ಒಬ್ಬರು ಎಂದು ಹೇಳುವವರಿದ್ದಾರೆ.

ಎರಡೂ ಹೇಗೆ ನಿಜವಾಗುತ್ತದೆ? ಉಣ್ಣುವುದಕ್ಕೆ ಒಂದು ಮಿತಿ ಇದೆ. ತಿಂಗಳಿಗೆ 20,000 ದುಡಿಯುವವನು 19,000 ಖರ್ಚು ಮಾಡುತ್ತಾನೆ. 20 ಲಕ್ಷ ದುಡಿಯುವವನು ಎಷ್ಟು ಉಂಡಾನು, ಎಷ್ಟು ಉಟ್ಟಾನು? ಉಳಿದದ್ದು ಸೈಟಾಗುತ್ತದೆ, ಷೇರಾಗುತ್ತದೆ, ಬಂಗಾರವಾಗುತ್ತದೆ. ಖರ್ಚಿನ ಸಮೀಕ್ಷೆಗೆ ಅದು ಸಿಗುವುದಿಲ್ಲ. ಜೊತೆಗೆ, ಸಮೀಕ್ಷೆಗೆ ಬಂದವರಿಗೆ ನೀವು ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟು ಮನೆ ಲೆಕ್ಕವನ್ನೆಲ್ಲ ಒಪ್ಪಿಸುತ್ತೀರಿ. ದೊಡ್ಡ ಗೇಟಿನ ಮನೆಗಳಲ್ಲಿ ವಾಚ್‌ಮನ್ ದಾಟಿ ಒಳಗೆ ಹೋಗುವುದೇ ಕಷ್ಟ. ಹಾಗಾಗಿ ನನ್ನ ತಿಳಿವಳಿಕೆ ಇಷ್ಟು: ತಟ್ಟೆಯಲ್ಲಿನ ಅಂತರ ತಗ್ಗಿದೆ, ಅದಕ್ಕೆ ಪಡಿತರದ ಅಕ್ಕಿಗೂ ದೊಡ್ಡ ಪಾಲಿದೆ. ಗಳಿಕೆಯ ಅಂತರ ಹೆಚ್ಚಿದೆ. ಕೂಡಿಟ್ಟದ್ದರ ಅಂತರ ಎಲ್ಲಕ್ಕಿಂತ ಹೆಚ್ಚಿದೆ, ಮತ್ತು ನಿಮ್ಮ ಮೊಮ್ಮಗಳ ಕಾಲವನ್ನು ತೀರ್ಮಾನಿಸುವುದು ಆ ಕೊನೆಯದೇ.

ಇಲ್ಲಿಂದ ವಿಷಯದ ಒಳಗೆ ಹೋಗೋಣ. ನಿಮ್ಮ ಕಬ್ಬಿನ ಲೆಕ್ಕವನ್ನೇ ತೆಗೆದುಕೊಳ್ಳಿ. 1 ಎಕರೆ 10 ಗುಂಟೆಯಲ್ಲಿ ಎಕರೆಗೆ 40 ಟನ್‌ನಂತೆ 50 ಟನ್ ಬಂತು ಎನ್ನೋಣ. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ಹೇಳಿದ ಎಫ್‌ಆರ್‌ಪಿ (ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ) ಟನ್ನಿಗೆ 3,400. ಆದರೆ ಅದು ಶೇ. 10.25 ಸಕ್ಕರೆ ಇಳುವರಿ ಕೊಡುವ ಕಬ್ಬಿಗೆ. ಇಳುವರಿ ಶೇ. 9.5ಕ್ಕೆ ಅಥವಾ ಅದಕ್ಕೂ ಕೆಳಗಿದ್ದರೆ ಸಿಗುವುದು 3,151. ಅದರಂತೆ 1,57,550 ರೂಪಾಯಿ. ಕಡಿಯುವ ಕೂಲಿ, ಸಾಗಾಣಿಕೆ ಸೇರಿ ಟನ್ನಿಗೆ 900 ಹಿಡಿದರೆ 45,000 ಹೋಯಿತು. ಬಿತ್ತನೆ, ಉಳುಮೆ, ಗೊಬ್ಬರ, ಕಳೆ ಎಂದು ಇನ್ನೊಂದು 45,000 ಹಿಡಿಯೋಣ. ಉಳಿದದ್ದು 67,550. ಒಂದು ವರ್ಷ ಕಾಯುವ ಬೆಳೆ ಇದು. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 5,600 ಚಿಲ್ಲರೆ. ನಿಮ್ಮದೂ ನಿಮ್ಮ ಮನೆಯವರದೂ ದುಡಿಮೆಗೆ ಇದರಲ್ಲಿ ಕೂಲಿಯನ್ನೇ ಹಾಕಿಲ್ಲ. ನನ್ನ ಅಂಕಿಗಳಲ್ಲಿ ಆಚೀಚೆ ಇದ್ದರೆ ನಿಮ್ಮವನ್ನು ಹಾಕಿಕೊಳ್ಳಿ, ಉತ್ತರ ಬಹಳ ದೂರ ಹೋಗುವುದಿಲ್ಲ.

ಇದು ನೀವು ಸರಿಯಾಗಿ ಬೇಸಾಯ ಮಾಡದ್ದರಿಂದ ಆದದ್ದಲ್ಲ. ದೇಶದ ದುಡಿಯುವವರಲ್ಲಿ 2023-24ರಲ್ಲೂ ಶೇ. 46 ಮಂದಿ ವ್ಯವಸಾಯದಲ್ಲಿದ್ದರು, ದೇಶದ ಆದಾಯದಲ್ಲಿ ವ್ಯವಸಾಯದ ಪಾಲು ಸುಮಾರು ಶೇ. 18. ಉಳಿದ ಶೇ. 54 ಜನರ ಪಾಲಿಗೆ ಶೇ. 82. ಅಂದರೆ ಹೊಲದ ಆಚೆ ದುಡಿಯುವವನ ಸರಾಸರಿ ಗಳಿಕೆ ಹೊಲದಲ್ಲಿ ದುಡಿಯುವವನ ನಾಲ್ಕು ಪಟ್ಟಿಗೆ ಹತ್ತಿರ. ಬೇರೆ ದೇಶಗಳು ಶ್ರೀಮಂತವಾದಾಗ ಜನ ಹೊಲದಿಂದ ಹೊರಗೆ ಹೋದರು, ಹೊಲದಲ್ಲಿ ಉಳಿದವರ ಪಾಲು ದೊಡ್ಡದಾಯಿತು. ನಮ್ಮಲ್ಲಿ 2018-19ರಲ್ಲಿ ಶೇ. 42.5ಕ್ಕೆ ಇಳಿದಿದ್ದ ಹೊಲದಲ್ಲಿ ದುಡಿಯುವವರ ಲೆಕ್ಕ ಕೋವಿಡ್ ಬಂದಾಗ ಮೇಲೇರಿ, 2023-24ರಲ್ಲೂ ಶೇ. 46ರಲ್ಲೇ ಇತ್ತು. ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಮೂಟೆ ಕಟ್ಟಿಕೊಂಡು ಬಂದ ಹುಡುಗರು ನಿಮ್ಮೂರಲ್ಲೂ ಇದ್ದಿರಬೇಕು. ಬೇರೆಡೆ ಕೆಲಸ ಸಿಗದವರನ್ನು ಹೊಲ ಒಳಗೆ ಕರೆದುಕೊಂಡಿತು. ಅಷ್ಟೇ ಜಮೀನನ್ನು ಇನ್ನಷ್ಟು ಜನ ಹಂಚಿಕೊಂಡು ಉಂಡರು.

ಹಾಗಾದರೆ ಹೊರಗಿನ ಕೆಲಸ ಯಾಕೆ ಹುಟ್ಟಲಿಲ್ಲ? ಕಾರ್ಖಾನೆಗಳ ಪಾಲು 1991ರಲ್ಲಿ ದೇಶದ ಆದಾಯದ ಹೆಚ್ಚುಕಡಿಮೆ ಆರನೇ ಒಂದು ಭಾಗ ಇತ್ತು. ಇಂದಿಗೂ ಅದಕ್ಕಿಂತ ಹೆಚ್ಚೇನೂ ಆಗಿಲ್ಲ. ಆ ವರ್ಷದ ಜುಲೈ 24ರಂದು ಮನಮೋಹನ್ ಸಿಂಗ್ ಅವರು ಮಂಡಿಸಿದ ಬಜೆಟ್ಟಿನಿಂದ ಮಾರುಕಟ್ಟೆಯ ಬಾಗಿಲು ತೆರೆಯಿತು. ತೆರೆದದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಅಂದು ದೇಶದಲ್ಲಿ ಅಕ್ಷರ ಬಲ್ಲವರು ಶೇ. 52, ಹೆಂಗಸರಲ್ಲಿ ಶೇ. 39. ತೆರೆದ ಬಾಗಿಲಿನಿಂದ ಓಡಿಹೋಗಲು ಕಾಲಲ್ಲಿ ಬಲವಿದ್ದವರು ಅರ್ಧ ಜನ ಮಾತ್ರ. ವೇಗವಾಗಿ ಬೆಳೆದದ್ದು ಸಾಫ್ಟ್‌ವೇರ್, ಬ್ಯಾಂಕು, ಟೆಲಿಕಾಂ, ರಿಯಲ್ ಎಸ್ಟೇಟ್. ಇವನ್ನೂ ಒಳಗೊಂಡ ಸೇವಾ ವಲಯ ಒಟ್ಟಾಗಿ ದೇಶದ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಕೊಡುತ್ತದೆ, ದುಡಿಯುವವರಲ್ಲಿ ಮಾತ್ರ ಶೇ. 30ರಷ್ಟು ಜನರಿಗೆ ಕೆಲಸ ಕೊಡುತ್ತದೆ. ಮೈಸೂರಿನ ಹೆಬ್ಬಾಳದ ಕಡೆ ಹೋದರೆ ಗಾಜಿನ ಕಟ್ಟಡಗಳ ದೊಡ್ಡ ಕ್ಯಾಂಪಸ್ ಕಾಣುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ಅಂಥ ಕಡೆ ಕೆಲಸಕ್ಕೆ ಹೋದವರು ಯಾರ್‍ಯಾರು ಎಂದು ಲೆಕ್ಕ ಹಾಕಿ ನೋಡಿದ್ದೇನೆ. ಬಹುಪಾಲು ಅಪ್ಪ ಅಮ್ಮ ಮೇಷ್ಟ್ರೋ ಗುಮಾಸ್ತರೋ ಆಗಿದ್ದವರು, ಇಂಗ್ಲಿಷು ಮನೆಯೊಳಗೇ ಇದ್ದವರು. ಬುದ್ಧಿಯಲ್ಲಿ ಅವರಿಗೇನೂ ಕಡಿಮೆಯಿಲ್ಲದ ಹುಡುಗರು, ಪರೀಕ್ಷೆ ಮುಗಿಸಿ ಊರಿಗೆ ಹೋಗಿ ಆಲೆಮನೆಗೆ ಕಬ್ಬು ಹೊತ್ತರು.

ಈ ಕಂದಕ ಈಗಲೂ ತೋಡಲ್ಪಡುತ್ತಲೇ ಇದೆ. ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯಂತೆ, ದೇಶದ ಹಳ್ಳಿಗಳ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠವನ್ನು ಓದಬಲ್ಲವರು ಶೇ. 27. ನಿಮ್ಮ ಮೊಮ್ಮಗಳು ಇನ್ನೆರಡು ವರ್ಷಕ್ಕೆ ಆ ತರಗತಿಗೆ ಬರುತ್ತಾಳೆ.

ಜನ ಜಾಸ್ತಿಯಾದ್ದರಿಂದ ಹೀಗೆ ಎನ್ನುವವರಿಗೆ ಒಂದು ಮಾತು ಸಾಕು. 2019-21ರ ಸಮೀಕ್ಷೆಯ ಹೊತ್ತಿಗೇ ಕರ್ನಾಟಕದಲ್ಲಿ ಒಬ್ಬ ಹೆಂಗಸು ಹೆರುವ ಮಕ್ಕಳ ಸರಾಸರಿ 1.7ಕ್ಕೆ ಇಳಿದಿತ್ತು, ದೇಶದಲ್ಲಿ 2.0. ಮನೆಗೆ ಎರಡು ಮಕ್ಕಳಿಗಿಂತ ಕಡಿಮೆ ಇರುವ ರಾಜ್ಯದಲ್ಲಿ ಜನಸಂಖ್ಯೆಯನ್ನು ಬೈದು ಪ್ರಯೋಜನವಿಲ್ಲ.

"ಮೊದಲು ಬೆಳೆಯಲಿ, ಆಮೇಲೆ ಬರುತ್ತದೆ" ಎಂಬ ಮಾತಿಗೆ ಮಾತ್ರ ದೊಡ್ಡ ವಂಶಾವಳಿ ಇದೆ. ಸೈಮನ್ ಕುಜ್ನೆಟ್ಸ್ ಎಂಬ ಅರ್ಥಶಾಸ್ತ್ರಜ್ಞರು 1955ರಲ್ಲಿ, ದೇಶ ಬೆಳೆಯುವ ಹಾದಿಯಲ್ಲಿ ಅಸಮಾನತೆ ಮೊದಲು ಏರಿ ಆಮೇಲೆ ತಾನಾಗಿ ಇಳಿಯಬಹುದು ಎಂದರು. ಅದೇ ಬರಹದಲ್ಲಿ, ಇದರಲ್ಲಿ ಸಾಕ್ಷ್ಯ ನೂರಕ್ಕೆ ಐದು, ಉಳಿದ ತೊಂಬತ್ತೈದು ಊಹೆ ಎಂದು ಅವರೇ ಒಪ್ಪಿಕೊಂಡಿದ್ದರು. ಊಹೆಯನ್ನು ಹಿಡಿದುಕೊಂಡವರು ಆ ಒಪ್ಪಿಗೆಯನ್ನು ಬಿಟ್ಟುಬಿಟ್ಟರು. ದಕ್ಷಿಣ ಕೊರಿಯಾ, ತೈವಾನ್ ಕಾಯುತ್ತ ಕೂರಲಿಲ್ಲ. 1950ರ ಆಚೀಚೆಯಲ್ಲಿ ಉಳುವವರಿಗೆ ಜಮೀನು ಕೊಟ್ಟರು, ಎಲ್ಲ ಮಕ್ಕಳನ್ನೂ ಶಾಲೆಗೆ ತಂದರು, ಆಮೇಲೆ ಕಾರ್ಖಾನೆ ಕಟ್ಟಿದರು. ಅಂತರವನ್ನು ಹೆಚ್ಚಿಸಿಕೊಳ್ಳದೆಯೇ ನಮಗಿಂತ ವೇಗವಾಗಿ ಬೆಳೆದರು.

ಅಷ್ಟು ದೂರ ಹೋಗುವುದೂ ಬೇಡ. ನಿಮ್ಮ ಕಾಲ ಕೆಳಗಿನ ನಾಲೆಯನ್ನೇ ನೋಡಿ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಕಟ್ಟೆ ಎದ್ದು, ಹುಲಿಕೆರೆ ಸುರಂಗ ದಾಟಿ ಇರ್ವಿನ್ ನಾಲೆ (ನಾವು ಈಗ ವಿಶ್ವೇಶ್ವರಯ್ಯ ನಾಲೆ ಎನ್ನುವುದು) ಹರಿದ ಮೇಲೆ ರಾಗಿ, ಹುರುಳಿಯ ಸೀಮೆ ಭತ್ತ, ಕಬ್ಬಿನ ಸೀಮೆಯಾಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ಆ ಬೆಳವಣಿಗೆ ಕೈಗೆ ಕೆಲಸ ಹಿಡಿದುಕೊಂಡೇ ಬಂತು. ನೆಡಲು, ಕಡಿಯಲು, ಗಾಡಿ ಹೂಡಲು, ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಲ್ಲಲು ಎಲ್ಲಕ್ಕೂ ಜನ ಬೇಕಿತ್ತು. ಆದರೂ ಎಲ್ಲರಿಗೂ ಒಂದೇ ಸಮ ಬರಲಿಲ್ಲ. ನಾಲೆಯ ಮೇಲ್ಭಾಗದವರು ಗದ್ದೆ ತುಂಬಿಸಿಕೊಂಡ ಮೇಲೆ ಕೊನೆ ಭಾಗಕ್ಕೆ ನೀರು. ಮದ್ದೂರು, ಮಳವಳ್ಳಿ ಕಡೆಯ ಕೊನೆ ಭಾಗದ ರೈತರು ಇಂದಿಗೂ ನೀರಿಗಾಗಿ ರಸ್ತೆಗಿಳಿಯುವುದನ್ನು ನೀವೇ ಕಂಡಿದ್ದೀರಿ. ಕಟ್ಟೆ ತುಂಬಿ 124.80 ಅಡಿ ನೀರು ನಿಂತ ವರ್ಷವೂ ಕೊನೆಯ ತೂಬಿಗೆ ನೀರು ಹೋಗದೆ ಇರಬಹುದು. ಕಟ್ಟೆ ತುಂಬುವುದು ಮಳೆಯ ಕೆಲಸ, ಕೊನೆ ಗದ್ದೆಗೆ ತಲುಪಿಸುವುದು ನೀರು ಹಂಚುವ ನೀರುಗಂಟಿಯ ಕೆಲಸ, ಸರದಿಯಂತೆ ನೀರು ಬಿಡುವ ಕಟ್ಟು ಪದ್ಧತಿಯ ಕೆಲಸ. ಮೇಲಿನವನು ಇಷ್ಟು ದಿನ ತೂಬು ಮುಚ್ಚಲೇಬೇಕು ಎಂಬ ಕಟ್ಟಳೆ ಇಲ್ಲದೆ ಇಷ್ಟು ಕೆಳಗೆ ನೀರು ಬರುತ್ತಲೇ ಇರಲಿಲ್ಲ.

ಈಗ ನಿಮ್ಮ ಹೈವೇ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ 118 ಕಿಲೋಮೀಟರ್. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಬಂತು. ಮೈಸೂರಿನಿಂದ ಜೀವ ಹಿಡಿದುಕೊಂಡು ಬೆಂಗಳೂರಿನ ಆಸ್ಪತ್ರೆಗೆ ಹೋಗುವ ಆಂಬುಲೆನ್ಸ್‌ಗೆ ಆ ಒಂದೂವರೆ ಗಂಟೆಯ ಬೆಲೆ ಏನೆಂದು ನನಗೆ ಗೊತ್ತು, ನನ್ನ ಅಣ್ಣನನ್ನು ಅದೇ ರಸ್ತೆಯಲ್ಲಿ ಕರೆದುಕೊಂಡು ಹೋಗಿದ್ದೇನೆ. ಆದರೆ ಆ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಅದರ ಮೇಲೆ ಪ್ರವೇಶವಿಲ್ಲ. ಸುರಕ್ಷತೆಗೆ ಅದು ಬೇಕಿತ್ತು, ಒಪ್ಪುತ್ತೇನೆ. ಆದರೂ ನಿಮ್ಮ ಮನೆಯಲ್ಲಿರುವ ವಾಹನಗಳ ಪೈಕಿ ಯಾವುದೂ ಆ ರಸ್ತೆ ಹತ್ತುವಂತಿಲ್ಲ.

ಕಳೆದ ಬೇಸಿಗೆಯಲ್ಲಿ ಬೇಕೆಂದೇ ಹಳೇ ರಸ್ತೆಯಲ್ಲಿ ಬಂದೆ. ಮದ್ದೂರಿನ ಆಚೆ ಹುಣಸೆಮರದ ಕೆಳಗೆ ಒಬ್ಬಾಕೆ ಎಳನೀರು ಇಟ್ಟುಕೊಂಡು ಕೂತಿದ್ದರು. ಮಧ್ಯಾಹ್ನ ಮೂರು ಗಂಟೆ ದಾಟಿತ್ತು, ಬೆಳಗ್ಗೆ ಇಳಿಸಿದ ಗೊನೆಗಳು ಹಾಗೇ ಇದ್ದವು, ತೊಟ್ಟಿನ ಹತ್ತಿರ ಬಾಡಲು ಶುರುವಾಗಿತ್ತು. ಮಚ್ಚಿನಲ್ಲಿ ಮೂರೇ ಏಟಿಗೆ ಕೆತ್ತಿ ಕೊಟ್ಟರು. "ಮೊದ್ಲು ಕೈಗೆ ಬಿಡುವೇ ಇರ್ಲಿಲ್ಲ ಸಾ. ಈಗ ಮಚ್ಚು ತುಕ್ಕು ಹಿಡೀದಿರ್ಲಿ ಅಂತ ದಿನಾ ಮಸೀತೀನಿ" ಎಂದರು. ನೆತ್ತಿಯ ಮೇಲೆ, ಸೇತುವೆಯ ಮೇಲಿಂದ ಗಾಡಿಗಳ ಸದ್ದು ನಿಲ್ಲದೆ ಕೇಳುತ್ತಿತ್ತು. ಆ ಗಾಡಿಗಳು ಕಟ್ಟುವ ಟೋಲು ದೇಶದ ಆದಾಯದ ಲೆಕ್ಕದಲ್ಲಿ ಪೈಸೆ ಬಿಡದೆ ಸೇರುತ್ತದೆ. ಈಕೆ ಕಳೆದುಕೊಂಡದ್ದನ್ನು ಬರೆದುಕೊಳ್ಳಲು ಯಾರೂ ಬಂದಿಲ್ಲ. ರಸ್ತೆಗೆ ಜಮೀನು ಹೋದವರಿಗೆ ಪರಿಹಾರ ಬಂತು. ಆ ಜಮೀನಿನಲ್ಲಿ ಕಳೆ ಕೀಳುತ್ತಿದ್ದವರಿಗೆ ಕೂಲಿ ಹೋಯಿತು. ಬೆಳವಣಿಗೆ ಬಂದಾಗ ನೀವು ಎಲ್ಲಿ ನಿಂತಿದ್ದಿರಿ ಎಂಬುದರ ಮೇಲೆ ನಿಮಗೆ ಏನು ಸಿಗುತ್ತದೆ ಎಂಬುದು ನಿಂತಿದೆ, ಮತ್ತು ಎಲ್ಲಿ ನಿಲ್ಲಬೇಕು ಎಂಬುದನ್ನು ಬಹುಪಾಲು ಜನ ಆರಿಸಿಕೊಂಡಿರುವುದಿಲ್ಲ.

ಇದೇ ಮಾತನ್ನು ಹಿಡಿದು ನಿಮ್ಮನ್ನೂ ಒಂದು ಕೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ನಿಮಗೆ 1 ಎಕರೆ 10 ಗುಂಟೆ ಇದೆ. ನಿಮ್ಮ ಗದ್ದೆಗೆ ನಾಟಿಗೋ ಕಳೆಗೋ ಬರುವವರಿಗೆ ಎಷ್ಟಿದೆ? 1974ರಲ್ಲಿ ದೇವರಾಜ ಅರಸರು (ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು) ಗೇಣಿ ಪದ್ಧತಿಯನ್ನು ತೆಗೆದುಹಾಕಿ ಉಳುವವನಿಗೆ ಭೂಮಿ ಕೊಟ್ಟದ್ದು ಈ ರಾಜ್ಯ ಕಂಡ ದೊಡ್ಡ ಕೆಲಸ. ಆದರೆ ಭೂಮಿ ಸಿಕ್ಕಿದ್ದು ಗೇಣಿ ಮಾಡುತ್ತಿದ್ದವರಿಗೆ. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದ ಕೇರಿಯವರ ಕೈಗೆ ಬಂದದ್ದು ಕಡಿಮೆ. ದೇಶದ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಶೇ. 16.6, 2015-16ರ ಕೃಷಿ ಗಣತಿಯಂತೆ ಸಾಗುವಳಿ ಭೂಮಿಯಲ್ಲಿ ಅವರ ಪಾಲು ಸುಮಾರು ಶೇ. 9. ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ ಎಂಬ ವಿರೋಧದೊಳಕ್ಕೆ ನಾವು ಕಾಲಿಡುತ್ತಿದ್ದೇವೆ ಎಂದು ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ನಾಲೆಯ ಕೊನೆ ಭಾಗದಲ್ಲಿ ನಿಂತಿದ್ದೇವೆ ಎಂದು ನೀವು ಹೇಳುತ್ತಿದ್ದೀರಿ. ಅವರಿಗೆ ನಾಲೆಯೇ ಹೋಗಿಲ್ಲ.

ಇನ್ನು ಗ್ಯಾರಂಟಿಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಈ ಮಾತು ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಶುರುವಾದ ಗೃಹಲಕ್ಷ್ಮಿಯಿಂದ ಮನೆಯೊಡತಿಗೆ ತಿಂಗಳಿಗೆ 2,000, ಅಂದರೆ ವರ್ಷಕ್ಕೆ 24,000. ನಿಮ್ಮ ಕಬ್ಬಿನಲ್ಲಿ ಉಳಿದ 67,550ರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು! ಅದನ್ನು ಬಿಟ್ಟಿ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಹಾಕಲಿ. ಸೋಪು, ಬಿಸ್ಕತ್ತು, ಡೀಸೆಲ್ ಕೊಂಡಾಗಲೆಲ್ಲ ನೀವೂ ತೆರಿಗೆ ಕಟ್ಟುತ್ತೀರಿ. ಇತ್ತ ಸತ್ತವರ ದೊಡ್ಡ ಆಸ್ತಿಯ ಮೇಲಿದ್ದ ತೆರಿಗೆ 1985ರಲ್ಲಿ ಹೋಯಿತು, ಸಂಪತ್ತಿನ ತೆರಿಗೆಯನ್ನು 2015ರ ಬಜೆಟ್ ತೆಗೆಯಿತು, ಕಂಪನಿಗಳ ತೆರಿಗೆಯನ್ನು 2019ರ ಸೆಪ್ಟೆಂಬರಿನಲ್ಲಿ ಶೇ. 30ರಿಂದ 22ಕ್ಕೆ ಇಳಿಸಲಾಯಿತು. ಮೇಲ್ಭಾಗದ ತೂಬುಗಳನ್ನು ಹೀಗೆ ಅಗಲ ಮಾಡುತ್ತ ಹೋದರೆ ಕೆಳಗೆ ನೀರು ಕಡಿಮೆಯಾಗಲೇಬೇಕು. ದೊಡ್ಡ ಆಸ್ತಿಯ ಮೇಲೆ ತೆರಿಗೆ ಮರಳಿ ಬರಬೇಕು, ಆ ಹಣ ಹಳ್ಳಿಯ ಶಾಲೆಗೂ ತಾಲ್ಲೂಕು ಆಸ್ಪತ್ರೆಗೂ ಹೋಗಬೇಕು. ಇದನ್ನು ಒಪ್ಪದ ನನ್ನ ವೃತ್ತಿಯವರು ಬಹಳ ಜನ ಇದ್ದಾರೆ. ನಾನು ನಂಬಿರುವುದು ಇದನ್ನೇ.

ದೇಶದ ಮಾತು ಸಾಕು, ನಿಮ್ಮ ಮನೆಗೆ ಬರೋಣ. ಮಗನಿಗೆ ಹೇಳಿ: ಅವನಂಥ ಕೆಲಸ ಮಾಡುವವರಿಗಾಗಿ ಕರ್ನಾಟಕ 2025ರಲ್ಲಿ ಒಂದು ಕಾಯಿದೆ ಮಾಡಿದೆ. ಅದರಂತೆ ಆ್ಯಪ್ ಕಂಪನಿಗಳು ಪ್ರತಿ ವಹಿವಾಟಿನಲ್ಲಿ ಕೆಲಸಗಾರನಿಗೆ ಕೊಡುವ ಹಣದ ಶೇ. 1ರಿಂದ 5ರವರೆಗೆ ಕಲ್ಯಾಣ ನಿಧಿಗೆ ಕಟ್ಟಬೇಕು. ನೋಂದಣಿ ಆಗಿದೆಯೇ ಎಂದು ಅವನು ಕಾರ್ಮಿಕ ಇಲಾಖೆಯಲ್ಲಿ ಖಚಿತ ಮಾಡಿಕೊಳ್ಳಲಿ. ಸೊಸೆಯ ಪಿಎಫ್ ಪಾಸ್‌ಬುಕ್ ತೆಗೆಸಿ ನೋಡಿ. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಮದುವೆಗೆ, ಬಾಣಂತನಕ್ಕೆ ಕೆಲಸ ಬಿಟ್ಟಾಗ ಅಷ್ಟನ್ನೂ ತೆಗೆದು ಖರ್ಚು ಮಾಡಿಬಿಡುತ್ತಾರೆ. ಪಿಂಚಣಿ ಸಿಗಬೇಕಾದರೆ ಒಟ್ಟು 10 ವರ್ಷದ ಸೇವೆ ಬೇಕು. ಕಾರ್ಖಾನೆ ಬದಲಾದರೂ ಹಣ ತೆಗೆಯದೆ ಅದೇ ಯುಎಎನ್ (ಪಿಎಫ್‌ನ ಖಾಯಂ) ಸಂಖ್ಯೆ ಮುಂದುವರಿಸಿದರೆ ಹಿಂದಿನ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಮೊಮ್ಮಗಳನ್ನು ದಿನಾ ಸಂಜೆ ಹತ್ತಿರ ಕೂರಿಸಿಕೊಂಡು ಅವಳಿಂದ ಅರ್ಧ ಪುಟ ಗಟ್ಟಿಯಾಗಿ ಓದಿಸಿ. ತಪ್ಪು ತಿದ್ದಲು ನಿಮಗೆ ಬಾರದಿದ್ದರೂ ಪರವಾಗಿಲ್ಲ, ಓದಿಸಿ.

ಜಮೀನನ್ನು ಈಗ ಪೂರ್ತಿ ಕೊಡಬೇಡಿ. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು, ಅದಕ್ಕೇ ಮೈಸೂರಿನವರು ನಿಮ್ಮ ಬಾಗಿಲಿಗೆ ಬಂದಿದ್ದಾರೆ. ಆ ಜಮೀನಿನಿಂದ ಬರುವ ಬೆಳೆ ನಿಮಗೆ ತಿಂಗಳಿಗೆ 5,600 ಕೊಡುತ್ತಿರಬಹುದು, ಆದರೆ ಅದರ ಬೆಲೆ ಏರುವುದು ದೇಶದ ಬೆಳವಣಿಗೆ ನಿಮ್ಮ ಮನೆಗೆ ಬರುತ್ತಿರುವ ಏಕೈಕ ದಾರಿ. ಮಾರಿದ ದಿನ ಆ ದಾರಿ ಕೊಂಡವರ ಮನೆಗೆ ತಿರುಗುತ್ತದೆ. ಅಂಗಡಿ ಎಂದರೆ ಮೊದಲೆರಡು ವರ್ಷ ಕೈಯಿಂದ ಹಾಕುವ ವ್ಯಾಪಾರ. ಮಗನಿಗೆ ಆಸಕ್ತಿ ಇದ್ದರೆ ಮೊದಲು ಬೇರೆಯವರ ಅಂಗಡಿಯಲ್ಲಿ ಆರು ತಿಂಗಳು ನಿಂತು ಲೆಕ್ಕ ಕಲಿಯಲಿ. ಕಬ್ಬಿನ ಬದಲು ಅಥವಾ ಜೊತೆಗೆ ಏನು ಹಾಕಬಹುದು ಎಂಬುದನ್ನು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನವರನ್ನು ಕೇಳಿ, ಅದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಇನ್ನೊಂದು. 5 ಎಕರೆ ನಾಲ್ಕು ಅಣ್ಣತಮ್ಮಂದಿರಿಗೆ ಪಾಲಾಯಿತು ಎಂದು ಬರೆದಿದ್ದೀರಿ. ಅಕ್ಕತಂಗಿಯರು ಇದ್ದಾರೆಯೇ? ಅರಿಶಿನ ಕುಂಕುಮಕ್ಕೆ ಎಂದು ಒಂದಿಷ್ಟು ಕೊಟ್ಟು ಹಕ್ಕು ಬಿಡುಗಡೆಗೆ ಸಹಿ ಹಾಕಿಸಿಕೊಳ್ಳುವುದು ನಮ್ಮ ಕಡೆ ರೂಢಿ. ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶದಲ್ಲಿ 2005ರಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಎಂದು ಕಾನೂನು ಬಂದಿದೆ. ನಿಮ್ಮ ವಿಭಾಗ ಪತ್ರ ಯಾವ ವರ್ಷ ನೋಂದಣಿಯಾಯಿತು ಎಂಬುದರ ಮೇಲೆ ಬಹಳಷ್ಟು ನಿಂತಿರುವುದರಿಂದ ಅದನ್ನು ವಕೀಲರಿಗೆ ತೋರಿಸಿ. ಮುಂದೆ ಎಂದಾದರೂ ಮಾರಲು ಹೊರಟರೆ ಕೊಳ್ಳುವವರು ವಂಶವೃಕ್ಷ ಕೇಳುತ್ತಾರೆ, ಅಕ್ಕತಂಗಿಯರ ಸಹಿ ಬೇಕು ಎನ್ನುತ್ತಾರೆ. ಆ ಸಹಿ ಕೇಳಲು ಹೋಗುವ ಮೊದಲೇ ಅವರ ಪಾಲಿನ ಮಾತನ್ನು ನೀವಾಗಿ ಆಡಿ. ಮತ್ತು ಕಾರ್ಖಾನೆಯವರು ಕೊಟ್ಟ ಕಬ್ಬಿನ ತೂಕದ ಚೀಟಿ, ಬಿಲ್ಲು ಹಿಂದಿನ ಮೂರು ವರ್ಷದ್ದು ಇದ್ದರೆ ನಕಲು ಮಾಡಿಸಿ ಕಳಿಸಿ. ನಾನು ಅಂದಾಜಿನಲ್ಲಿ ಹಾಕಿದ ಲೆಕ್ಕವನ್ನು ನಿಮ್ಮ ಅಂಕಿಗಳಲ್ಲೇ ಹಾಕಿ ಮರಳಿ ಬರೆಯುತ್ತೇನೆ.